ಶಟ್ಟೆಪ್ಪನ ಸ್ಟೆಪ್ನಿ ಶಾಸ್ತ್ರ

ಬಸರಿಗಟ್ಟಿಗೆ ನಳದ ನೀರು ಮಂಜೂರಾದ ವರ್ಷ ಊರಿನ ತುಂಬ ಮದುವೆಯಾಗದ ಗಂಡುಹುಡುಗರೇ ತುಂಬಿದ್ದರು. ಹುಡುಗರಲ್ಲಿ ಐಬು ಇರಲಿಲ್ಲ. ಐಬು ಇದ್ದದ್ದು ಬಾವಿಯಲ್ಲಿ. ಸಾಲಹಳ್ಳಿಯಿಂದ ಎರಡು ಹರದಾರಿ ಆಚೆ, ಎರಿಹೊಲಗಳ ನಡುವೆ ದಿಬ್ಬದ ಮೇಲೆ ಕೂತ ಊರು ಅದು. ಕುಡಿಯುವ ನೀರಿನ ಬಾವಿ ಮಾತ್ರ ಕೆಳಗೆ ಹಳ್ಳದ ದಂಡೆಯಲ್ಲಿ. ಹೆಂಗಸರು ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ದಿಬ್ಬ ಏರಿ ಬರುವುದನ್ನು ಕಂಡ ಯಾವ ತಂದೆಯೂ ಎರಡನೇ ಸಲ ಆ ಊರಿನ ದಾರಿ ಹಿಡಿಯುತ್ತಿರಲಿಲ್ಲ. "ಮಗಳ್ನ ಬಾವಿಗಾದ್ರೂ ನೂಕೇನು, ಬಸರಿಗಟ್ಟಿಗೆ ಕೊಡಾಂವಲ್ಲ. ಬಾವ್ಯಾಗರ ನೀರ ಇರತೈತಿ" ಎಂದು ಸವದತ್ತಿ ಸಂತೆಯಲ್ಲಿ ಜನ ಆಡಿಕೊಂಡು ನಗುತ್ತಿದ್ದರು.

ಇಂಥ ಊರಿನಲ್ಲಿ ಶಟ್ಟೆಪ್ಪನೆಂಬ ಜ್ಞಾನಿಯೊಬ್ಬನಿದ್ದ. ಜ್ಞಾನಿ ಎಂದು ಅವನೇ ಹೇಳಿಕೊಂಡಿದ್ದರಿಂದ ನಾವೂ ಹಾಗೇ ಕರೆಯೋಣ. ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟುವಾಗ ಅವನು ಪೈಪಿನ ಗೋದಾಮು ಕಾಯುತ್ತಿದ್ದ. ಕೆಲಸ ಮುಗಿದು ಊರಿಗೆ ಬರುವಷ್ಟರಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, 'ಡ್ಯಾಮು ಕಟ್ಟಿದಾಂವ' ಆಗಿದ್ದ. ಅಲ್ಲಿದ್ದಾಗ ಒಮ್ಮೆ ದೊಡ್ಡ ಇಂಜಿನಿಯರ್ ಸಾಹೇಬರ ಜೀಪು ಮುನವಳ್ಳಿ ರಸ್ತೆಯಲ್ಲಿ ಪಂಕ್ಚರ್ ಆಯಿತು. ಜೀಪಿನ ಹಿಂದೆ ಇರಬೇಕಾದ ಸ್ಟೆಪ್ನಿ ಗಾಲಿ ಇರಲಿಲ್ಲ. ಉರಿಬಿಸಿಲಲ್ಲಿ ನಡೆದು ಗೋದಾಮಿಗೆ ಬಂದ ಸಾಹೇಬರು ನೀರು ಕುಡಿದು, "ಸ್ಟೆಪ್ನಿ ಇಲ್ಲದ ಯಾವ ಕೆಲಸಕ್ಕೂ ಕೈ ಹಾಕಬಾರದು" ಎಂದು ಗುಡುಗಿದರು. ಸಾಹೇಬರು ಬೈದದ್ದು ಡ್ರೈವರನನ್ನು. ಶಟ್ಟೆಪ್ಪ ಅದನ್ನು ಗುರೂಪದೇಶವೆಂದು ತೆಗೆದುಕೊಂಡ.

ಅಂದಿನಿಂದ ಅವನ ಬದುಕಿನಲ್ಲಿ ಒಂಟಿ ವಸ್ತುವೇ ಉಳಿಯಲಿಲ್ಲ. ಉಡದಾರ ಎರಡು, ಅಡಕೊತ್ತು ಎರಡು, ಮನೆಯ ಬಾಗಿಲಿಗೆ ಚಿಲಕ ಎರಡು. ಸಂತೆಗೆ ಹೋದರೆ ಕಾಲಲ್ಲಿ ಒಂದು ಜೋಡು, ಬಗಲಲ್ಲಿ ಒಂದು ಜೋಡು ಕಾಲ್ಮರಿ. ಮಗ ಬೀರಪ್ಪನಿಗೆ ಯಾವುದೇ ಕೆಲಸ ಕಲಿಸಿದರೂ ಜೊತೆಗೆ ದುರ್ಗಪ್ಪನಿಗೂ ಕಲಿಸುತ್ತಿದ್ದ. ದುರ್ಗಪ್ಪ ಅವನ ತೀರಿಹೋದ ತಮ್ಮನ ಮಗ, ನಡೆಯಲು ಬಾರದ ವಯಸ್ಸಿನಿಂದ ಶಟ್ಟೆಪ್ಪನ ಹೆಂಡತಿ ಸುಂದರವ್ವನ ಕೈಯಲ್ಲೇ ಬೆಳೆದವನು. ಊರ ಜನ ಅವನಿಗೆ 'ಸ್ಟೆಪ್ನಿ' ಎಂದೇ ಹೆಸರಿಟ್ಟಿದ್ದರು. ಹುಡುಗ ಓಗೊಡುತ್ತಿದ್ದ, ಆದರೆ ನಗುತ್ತಿರಲಿಲ್ಲ. ಸುಂದರವ್ವನಿಗೆ ಆ ಹೆಸರು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ನಳದ ಕೆಲಸ ಶುರುವಾಗುವ ಮೊದಲು ರಾಮದುರ್ಗದಿಂದ ಓವರಸಿಯರ್ ಸಾಹೇಬರು ಬಂದು ಚಾವಡಿಯಲ್ಲಿ ಸಭೆ ಕೂಡಿಸಿದರು. ತರುಣ ಮನುಷ್ಯ, ಓದಿಕೊಂಡು ಬಂದಿದ್ದರು.

"ನೋಡ್ರಿ, ಇದರಾಗ ಮೋಟರ ಅದ, ಪೈಪ ಅದ, ಟಾಕಿ ಅದ, ಕರೆಂಟ ಅದ. ಇಷ್ಟೆಲ್ಲಾ ಒಂದಕ್ಕೊಂದು ಕೂಡಿದಾಗ ಎಲ್ಲೋ ಒಂದು ಕಡೆ ಕೆಟ್ಟ ಕೆಡತದ. ಏನೇನು ಕೆಡಬಹುದು, ಈಗ ಹೇಳ್ರಿ. ಮೊದಲ ಬಂದೋಬಸ್ತ ಮಾಡೂಣು."

ಚಾವಡಿ ಗಪ್ಪಾಯಿತು. ಬಸರಿಗಟ್ಟಿಯಲ್ಲಿ ಬೀಜ ಬಿತ್ತುವಾಗ ಬರಗಾಲದ ಹೆಸರು ಎತ್ತುವುದಿಲ್ಲ, ಲಗ್ನದ ಮನೆಯಲ್ಲಿ ಸೀನುವುದಕ್ಕೂ ಹೊರಗೆ ಹೋಗುತ್ತಾರೆ. ಶುಭಕಾರ್ಯಕ್ಕೆ ಕೂತು ಕೆಡುವ ಮಾತು ಆಡಿರೆಂದರೆ ಯಾರು ಆಡುತ್ತಾರೆ?

ಪಂಚಾಯತಿ ಚೇರಮನ್ ಗಂಗಪ್ಪ ಮೆಲ್ಲಗೆ ಹೇಳಿದ: "ಸಾಹೇಬ್ರ, ನಮ್ಮೂರಾಗ ಏನೂ ಕೆಡಂಗಿಲ್ರಿ. ದ್ಯಾಮವ್ವ ಅದಾಳ."

ಶಟ್ಟೆಪ್ಪನ ಪಕ್ಕದ ಮನೆಯ ಮುದುಕಿ ಲಗಮವ್ವ ಬಾಗಿಲಲ್ಲೇ ನೆಟಿಗೆ ಮುರಿದಳು. "ತೊಟ್ಲಾಗ ಕೂಸಿನ್ನ ಹಾಕೂ ಮುಂದ, ಯಾವ್ಯಾವ ಜಡ್ಡ ಬರತಾವ ಅಂತ ಕೇಳತಾರೇನಪಾ? ಓದಿದವರಂತ, ಓದಿದವರು!"

ಆಗ ಎದ್ದು ನಿಂತವನು ಶಟ್ಟೆಪ್ಪ. ರುಮಾಲು ಸರಿಮಾಡಿಕೊಂಡ. "ಎಲ್ಲಾ ಕೆಡತೈತ್ರಿ ಸಾಹೇಬ್ರ" ಎಂದ. "ಮೋಟರ ಸುಡತೈತಿ, ಪೈಪ ಒಡೀತೈತಿ, ಸ್ವಿಚ್ಚ ಒತ್ತಾಂವಗ ಚಳಿಜ್ವರ ಬರತೈತಿ. ನಾ ಡ್ಯಾಮ ಕಟ್ಟಿದಾಂವ, ನನಗ ಗೊತ್ತೈತಿ. ಔಷಧ ಒಂದ. ಎಲ್ಲಾದಕ್ಕೂ ಸ್ಟೆಪ್ನಿ!"

ಸಭೆಯಲ್ಲಿ ಒಬ್ಬನಾದರೂ ಬಾಯಿ ತೆರೆದನಲ್ಲ ಎಂಬ ಸಂತೋಷಕ್ಕೆ ಓವರಸಿಯರ್ ಸಾಹೇಬರು, "ಇವರ ಮಾತಿನಾಗ ಅರ್ಥ ಅದ. ಊರಿಗೆ ಇಂಥವರೊಬ್ಬರು ಬೇಕು" ಎಂದುಬಿಟ್ಟರು. ಗಂಗಪ್ಪ ಸಮಯ ಸಾಧಿಸಿ, "ಹಂಗಾರ ಇನ್ನ ಮುಂದ ಕೆಡೂದೆಲ್ಲಾ ಶಟ್ಟೆಪ್ಪನ ಕಡೆ" ಎಂದು ಠರಾವು ಮಾಡಿದ. ಅಪಶಕುನವನ್ನೆಲ್ಲ ಒಬ್ಬನ ತಲೆಗೆ ಕಟ್ಟಿ ಊರು ನಿರಾಳವಾಯಿತು.

ಶಟ್ಟೆಪ್ಪ ಎದೆ ಉಬ್ಬಿಸಿಕೊಂಡು ಮನೆಗೆ ಬಂದ. "ಕೇಳಿಲ್ಲೆ! ಇನ್ನ ಈ ಊರಾಗ ಏನ ಕೆಟ್ರೂ ನಾನ ಸಾಹೇಬ!"

ಸುಂದರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅದಕ್ಕ ಸಭಾ ಯಾಕ ಬೇಕಾಗಿತ್ರಿ? ನಮ್ಮ ಮನ್ಯಾಗ ಮೊದಲಿಂದ ನೀವ ಅದೀರಲ್ಲ."

ಅಧಿಕಾರ ಸಿಕ್ಕ ಮೇಲೆ ಶಟ್ಟೆಪ್ಪ ನಿದ್ದೆಯನ್ನೂ ಎರಡು ಕಂತಿನಲ್ಲಿ ಮಾಡತೊಡಗಿದ. ಇನ್ನೊಂದು ಮೋಟಾರು ಬೇಕೆಂದು ರಾಮದುರ್ಗದ ಕಚೇರಿಗೆ ಅಲೆದ. ಇಲ್ಲ ಎಂದರು. ಮರುದಿನ ಬುತ್ತಿ ಕಟ್ಟಿಕೊಂಡು ಹೋದ. ಅವನು ಅಲ್ಲೇ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ, ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು ತಿನ್ನುವ ಸದ್ದಿಗೆ ಬೇಸತ್ತು, ಸಾಹೇಬರೊಬ್ಬರು ಮೂಲೆಯಲ್ಲಿದ್ದ ಹಳೆಯ ಮೋಟಾರನ್ನು ಬೆಲ್ಟಿನ ಸಮೇತ ಕೊಟ್ಟು ಕಳಿಸಿದರು. ಮೋಟಾರು ತಿರುಗಿದರೆ ಬೆಲ್ಟು, ಬೆಲ್ಟು ತಿರುಗಿದರೆ ಪಂಪು, ಪಂಪು ತಿರುಗಿದರೆ ನೀರು: ಬಾವಿಯ ಹತ್ತಿರದ ಕೋಣೆಯಲ್ಲಿ ಹೀಗೆ ಒಂದರ ಮಗ್ಗುಲಿಗೆ ಒಂದು ಎರಡೂ ಮೋಟಾರು ಕೂತವು. ಸ್ವಿಚ್ಚು ಒತ್ತಲು ಬೀರಪ್ಪ, ಬೀರಪ್ಪನಿಗೆ ಜ್ವರ ಬಂದರೆ ದುರ್ಗಪ್ಪ. ಉದ್ಘಾಟನೆಗೆ ಬಿಡಿಓ ಸಾಹೇಬರು, ಅವರ ಜೀಪು ಕೆಟ್ಟರೆ ಪಿಂಚಣಿ ಪಡೆದ ಹೆಡ್‌ಮಾಸ್ತರರು. ಮಾಸ್ತರರು ಭಾಷಣ ಬಾಯಿಪಾಠ ಮಾಡಿಕೊಂಡು, ಜೀಪು ಕೆಡಲೆಂದು ದ್ಯಾಮವ್ವನಿಗೆ ಕಾಯಿ ಬೇಡಿಕೊಂಡಿದ್ದರೆಂದು ಸುದ್ದಿ. ಪೂಜೆಗೆ ಇಬ್ಬರು ಪೂಜಾರಿಗಳು, ಗಾಳಿ ಬೀಸಿ ಬಿದ್ದರೆ ಇರಲೆಂದು ಎರಡು ಹಂದರ.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಪಂಚಾಯತಿಯ ಕಥೆಯಾಗುತ್ತಿತ್ತು. ಆದರೆ ಶಟ್ಟೆಪ್ಪನಿಗೆ ಮಗ ಬೀರಪ್ಪನ ಮದುವೆ ಮಾಡಬೇಕಾಗಿತ್ತು.

ಮುನವಳ್ಳಿಯ ಹಣಮಂತಪ್ಪನೆಂಬ ಜೋಳದ ವ್ಯಾಪಾರಿ ತನ್ನ ಮಗಳು ರಾಮವ್ವನನ್ನು ಕೊಡಲು ಅರ್ಧ ಒಪ್ಪಿದ್ದ. ಇನ್ನರ್ಧ ನಳದಲ್ಲಿ ಸಿಕ್ಕಿಕೊಂಡಿತ್ತು. "ನನ್ನ ಮಗಳು ಮಲಪ್ರಭಾ ನೀರ ಕುಡದು ಬೆಳದಾಕಿ. ನಿಮ್ಮ ಅಂಗಳದ ನಳದಾಗ ನೀರ ಬಿದ್ದದ್ದ ನನ್ನ ಕಣ್ಣಲೆ ಕಂಡರ ಹೆಣ್ಣ ನಿಮ್ಮದು. ಇಲ್ಲಂದ್ರ ಚಾ ಸೈತ ಬ್ಯಾಡ" ಎಂದಿದ್ದ. ಉದ್ಘಾಟನೆಯ ದಿನವೇ ಮನೆ ನೋಡಲು ಬರುವುದೆಂದು ನಿಶ್ಚಯವಾಯಿತು.

ಶಟ್ಟೆಪ್ಪ ವಿಚಾರ ಮಾಡಿದ. ಬೀಗ ಪಂಕ್ಚರ್ ಆದರೆ? ಬೈಲಹೊಂಗಲದ ದನದ ಸಂತೆಯಲ್ಲಿ ಸಂಪಗಾಂವದ ಮಡಿವಾಳೆಪ್ಪ ಸಿಕ್ಕ. ದೊಡ್ಡ ಒಕ್ಕಲುತನದ ಮನುಷ್ಯ, ಅವನಿಗೂ ಸೋಮವ್ವನೆಂಬ ಮಗಳು. ಶಟ್ಟೆಪ್ಪ ಅವನನ್ನೂ ಮನೆ ನೋಡಲು ಕರೆದ. ಅದೂ ಅದೇ ದಿನ. ಗಾಲಿ ಇವತ್ತು ಪಂಕ್ಚರ್ ಆಗಿ ಸ್ಟೆಪ್ನಿ ನಾಳೆ ಬಂದರೆ ಏನು ಉಪಯೋಗ ಎಂಬುದು ಅವನ ತರ್ಕ. ಈ ತರ್ಕವನ್ನು ಹೆಂಡತಿಗೆ ಮಾತ್ರ ಹೇಳಿರಲಿಲ್ಲ. ಜ್ಞಾನಿಗಳಿಗೂ ಜೀವಭಯ ಇರುತ್ತದೆ.

ಆ ದಿನ ಬಂತು. ಬಸರಿಗಟ್ಟಿಯ ಪ್ರತಿ ನಳದ ಮುಂದೆ ಹೆಂಗಸರು ಬೆಳಗಿದ ತಾಮ್ರದ ಕೊಡ ಇಟ್ಟುಕೊಂಡು ನಿಂತಿದ್ದರು. ಹಳ್ಳಕ್ಕೆ ಅಂದು ಒಬ್ಬಳೂ ಇಳಿದಿರಲಿಲ್ಲ. ಬಿಡಿಓ ಸಾಹೇಬರ ಜೀಪು ಬಂತು. ಎಲ್ಲರೂ ಮುಂದೆ ನಿಂತು ಹಾರ ಹಾಕುತ್ತಿದ್ದರೆ ಶಟ್ಟೆಪ್ಪ ಹಿಂದೆ ಹೋಗಿ ಜೀಪಿನ ಸ್ಟೆಪ್ನಿಯನ್ನು ತಟ್ಟಿ ನೋಡಿ, "ಐತಿ" ಎಂದು ಸಮಾಧಾನಪಟ್ಟ. ಹೆಡ್‌ಮಾಸ್ತರರ ಮುಖ ಬಾಡಿತು.

ಹಣಮಂತಪ್ಪನ ಚಕ್ಕಡಿ ಬಂದದ್ದೂ ಆಗಲೇ. ಅವನು ಮನೆ ನೋಡಲಿಲ್ಲ, ಎತ್ತು ನೋಡಲಿಲ್ಲ. ಅಂಗಳದ ನಳದ ಎದುರಿಗೆ ಕಂಬಳಿ ಹಾಸಿಸಿಕೊಂಡು, ಅದರ ಬಾಯನ್ನೇ ನೋಡುತ್ತ ಕೂತ. ಶಿರಾದ ತಾಟು ಮುಂದಿಟ್ಟರೆ ಹಿಂದೆ ಸರಿಸಿದ. "ಮೊದಲ ನಳಾ ಉಗುಳಲಿ, ಆಮ್ಯಾಲ ನಾ ನುಂಗತೇನಿ."

ಅಷ್ಟರಲ್ಲಿ ಅಗಸೆಬಾಗಿಲ ಕಡೆಯಿಂದ ಡಗಡಗ ಸದ್ದು. ಕೆಂಪು ಟ್ರ್ಯಾಕ್ಟರು, ಅದರ ಮೇಲೆ ಹುರಿ ಮೀಸೆಯ ಮಡಿವಾಳೆಪ್ಪ, ಹಿಂದಿನ ಟ್ರೇಲರಿನ ತುಂಬ ಬಂಧುಬಳಗ.

"ಇವರ್ಯಾರ್ರಿ?" ಎಂದಳು ಸುಂದರವ್ವ.

"ಸ್ಟೆಪ್ನಿ ಬೀಗರು" ಎಂದ ಶಟ್ಟೆಪ್ಪ, ಆದಷ್ಟು ಸಣ್ಣ ದನಿಯಲ್ಲಿ.

ಸುಂದರವ್ವ ಸೌಟು ಹಿಡಿದವಳು ಹಾಗೇ ನಿಂತಳು. ಅವಳು ಚೀರಲಿಲ್ಲ, ಹಣೆ ಬಡಿದುಕೊಳ್ಳಲಿಲ್ಲ. "ನನಗೂ ಒಂದು ಸ್ಟೆಪ್ನಿ ನೋಡಿ ಇಟ್ಟೀರೇನ್ರಿ?" ಎಂದಳು.

ಶಟ್ಟೆಪ್ಪ ಟ್ರ್ಯಾಕ್ಟರಿನ ಕಡೆ ತಿರುಗಿದ. ಓಡಿಹೋಗಿ ಮಡಿವಾಳೆಪ್ಪನನ್ನು ಹಿತ್ತಲಿಗೆ ಕರೆದೊಯ್ದು ಬೇವಿನ ಗಿಡದ ಕೆಳಗೆ ಕೂಡಿಸಿದ. ಮುಂದಿನ ಬಾಗಿಲಲ್ಲಿ ಒಬ್ಬ ಬೀಗ, ಹಿಂದಿನ ಬಾಗಿಲಲ್ಲಿ ಇನ್ನೊಬ್ಬ. ನಡುವೆ ಶಟ್ಟೆಪ್ಪ ಲಾಳಿಯ ಹಾಗೆ ಓಡಾಡಿದ. "ಬಂದ್ನಿ ಬೀಗ್ರ" ಎಂದು ಮುಂದೆ, "ಬಂದ್ನಿ ಬೀಗ್ರ" ಎಂದು ಹಿಂದೆ.

ದ್ಯಾಮವ್ವನ ಗುಡಿಯ ಮುಂದೆ ಮೊದಲ ಹಂದರದಲ್ಲಿ ಬಿಡಿಓ ಸಾಹೇಬರು ಕೂತಿದ್ದರು. ಮಗ್ಗುಲಲ್ಲಿ ಎರಡನೇ ಹಂದರ ಇನ್ನೂ ಏಳುತ್ತಿತ್ತು. ಆಳುಗಳು ಉದ್ದನೆಯ ಬಿದಿರಿನ ಗಳವೊಂದನ್ನು ಎತ್ತಿ ನಿಲ್ಲಿಸಿದರು. ಗಳ ವಾಲಿತು. ವಾಲಿ ಮೇಲಿನ ಕರೆಂಟಿನ ತಂತಿಗೆ ಬಡಿಯಿತು. ತಂತಿಗೆ ತಂತಿ ಅಪ್ಪಿಕೊಂಡು ಕಿಡಿ ಹಾರಿತು, ಅಗಸೆಯ ಹತ್ತಿರ ಕಂಬದ ಮೇಲಿದ್ದ ಫ್ಯೂಜಿನ ಡಬ್ಬಿ ಡಬ್ ಎಂದಿತು. ದೇವರ ದಯೆ, ಗಳ ಒಣಗಿತ್ತು, ಆಳುಗಳು ಅದನ್ನು ಬಿಟ್ಟು ಓಡಿದ್ದರು. ಜೀವಕ್ಕೆ ಏನೂ ಆಗಲಿಲ್ಲ. ಕರೆಂಟು ಮಾತ್ರ ಹೋಯಿತು. ತಂತಿ ಕೆಲಸದವನು ರಾಮದುರ್ಗದಿಂದ ಬರಬೇಕು, ಬಂದರೆ ನಾಳೆ.

ಓವರಸಿಯರ್ ಸಾಹೇಬರು ಬೆವರು ಒರೆಸಿಕೊಳ್ಳುತ್ತ ಶಟ್ಟೆಪ್ಪನನ್ನು ಹುಡುಕಿಕೊಂಡು ಬಂದರು. "ಶಟ್ಟೆಪ್ಪಾ, ಮೋಟರಕ್ಕ ಸ್ಟೆಪ್ನಿ ಅದ, ಹುಡುಗಗ ಸ್ಟೆಪ್ನಿ ಅದ. ಕರೆಂಟಿಗೆ ಎಲ್ಲೆ ಅದನೋ ಸ್ಟೆಪ್ನಿ?"

ಶಟ್ಟೆಪ್ಪ ತಲೆ ಎತ್ತಿ ನೋಡಿದ. ಎರಡು ಮೋಟಾರಿಗೂ ಹೋದದ್ದು ಒಂದೇ ತಂತಿ. ಆ ತಂತಿಯ ಮೇಲೆ ಒರಗಿ ನಿಂತದ್ದು ಅವನದೇ ಸ್ಟೆಪ್ನಿ ಹಂದರದ ಗಳ. ಸಂದು ಸಿಕ್ಕಿತೆಂದು ಹೆಡ್‌ಮಾಸ್ತರರು ವೇದಿಕೆ ಏರಿ ಭಾಷಣ ಶುರುಮಾಡಿಬಿಟ್ಟರು.

ಹಣಮಂತಪ್ಪ ಕಂಬಳಿ ಝಾಡಿಸಿದ. "ಚಕ್ಕಡಿ ಹೂಡ್ರಿ. ನನ್ನ ಮಗಳು ಈ ಊರಾಗ ಕೊಡಾ ಹೊರೂದು ಬ್ಯಾಡ." ಅದೇ ಹೊತ್ತಿಗೆ, ಯಾರೂ ಚಹಾ ಕೇಳುತ್ತಿಲ್ಲವೆಂದು ಮಡಿವಾಳೆಪ್ಪ ಹಿತ್ತಲಿನಿಂದ ಮುಂದಿನ ಅಂಗಳಕ್ಕೆ ಬಂದ.

"ತಾವು ಯಾರ್ರಿ?" ಎಂದ ಹಣಮಂತಪ್ಪ.

"ನಾ ಬೀಗ. ತಾವು?"

"ನಾನೂ ಬೀಗ! ಯಾವ ಹುಡುಗನ ಕಡಿಂದ?"

"ಬೀರಪ್ಪನ ಕಡಿಂದ."

"ನಾನೂ ಬೀರಪ್ಪನ ಕಡಿಂದ!"

ಬೀಗರಿಬ್ಬರೂ ಶಟ್ಟೆಪ್ಪನ ಕಡೆ ತಿರುಗಿದರು. ಬೇಲಿಯಾಚೆಯಿಂದ ಲಗಮವ್ವ ಪರೋಪಕಾರಕ್ಕಾಗಿ ಬಿಡಿಸಿ ಹೇಳಿದಳು. "ತಿಳೀಲಿಲ್ಲೇನ್ರಿ? ಅವರು ಗಾಡಿ ಗಾಲಿ, ನೀವು ಸ್ಟೆಪ್ನಿ!"

"ನನ್ನ ಮಗಳು ಸೋಮವ್ವ ಸ್ಟೆಪ್ನಿ?" ಮಡಿವಾಳೆಪ್ಪನ ಆರ್ಭಟಕ್ಕೆ ಗಿಡದ ಕಾಗೆಗಳು ಹಾರಿದವು. ದಡದಡ ಹೋಗಿ ಟ್ರ್ಯಾಕ್ಟರು ಏರಿದ. ಶಟ್ಟೆಪ್ಪ ಓಡಿ ಅದರ ಮುಂದೆ ಕೈಮುಗಿದು ಬಾಗಿದ. ಬಾಗಿದವನ ಕಣ್ಣು ಅಭ್ಯಾಸಬಲದಿಂದ ಗಾಲಿಗಳ ಮೇಲೆ ಓಡಾಡಿತು. ಒಂದು ಸುತ್ತು ಹಾಕಿ ಬಂದ. ಮುಖ ಬಿಳಿಚಿತ್ತು.

"ಬೀಗ್ರ, ಇದಕ್ಕ ಸ್ಟೆಪ್ನಿ ಎಲ್ಲೈತ್ರಿ?"

"ಟ್ರ್ಯಾಕ್ಟರಕ್ಕ ಸ್ಟೆಪ್ನಿ ಇರೂದಿಲ್ಲ!" ಎಂದು ಮಡಿವಾಳೆಪ್ಪ ಗುಡುಗಿದ. "ಅದು ತನ್ನ ದಮ್ಮಿನ ಮ್ಯಾಲ ನಡೀತೈತಿ. ನನ್ನ ಮಗಳೂ ಹಂಗ. ಸರೀ ಆಕಡೆ!"

ಶಟ್ಟೆಪ್ಪನ ಶಾಸ್ತ್ರದ ಮೊದಲ ಶ್ಲೋಕವೇ ಹಾರಿಹೋಗಿತ್ತು. ಅವನು ಸರಿಯಲೂ ಮರೆತು ನಿಂತ. ಆಗ ಸುಂದರವ್ವ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಅಂಗಳಕ್ಕಿಳಿದಳು.

"ಅಣ್ಣಾರ, ನಮ್ಮ ಮನೀಯವರು ತಪ್ಪ ಮಾಡ್ಯಾರ್ರಿ. ನಿಮ್ಮ ಮಗಳು ಸ್ಟೆಪ್ನಿ ಅಲ್ಲ, ನಮ್ಮನ್ಯಾಗ ಯಾರೂ ಸ್ಟೆಪ್ನಿ ಅಲ್ಲ. ನೀವು ಹೆಣ್ಣ ಕೊಡಬ್ಯಾಡ್ರಿ, ನಾ ಕೇಳಂಗಿಲ್ಲ. ಆದ್ರ ಆ ಹೆಣಮಕ್ಕಳ್ನ ಒಂದೀಟು ನೋಡ್ರಿ. ಹುಟ್ಟಿದಾಗಿಂದ ಹೊತ್ತ ಕೊಡ ಇವತ್ತ ಕೆಳಗಿಟ್ಟು ನಿಂತಾರ. ಈಗ ಖಾಲಿ ಕೊಡ ಎತ್ತಿಕೊಂಡು ಹಳ್ಳಕ್ಕ ಇಳೀರಿ ಅಂತ ಯಾವ ಬಾಯಲೆ ಹೇಳಲಿ?"

ಮಡಿವಾಳೆಪ್ಪನ ಕೈ ಗೇರಿನ ಮೇಲೇ ನಿಂತಿತು. ಓವರಸಿಯರ್ ಸಾಹೇಬರು ಟ್ರ್ಯಾಕ್ಟರಿನ ಮಗ್ಗುಲಿನ ಗುಂಡನೆಯ ಪುಲ್ಲಿ ಗಾಲಿಯನ್ನೇ ನೋಡುತ್ತಿದ್ದರು. "ಇದಕ್ಕ ಬೆಲ್ಟ ಹಾಕಿ ಪಂಪ ತಿರುಗಿಸಬಹುದಲ್ಲ! ಆದ್ರ ಟ್ರ್ಯಾಕ್ಟರ ಹೊರಗ ನಿಲ್ಲಬೇಕು, ಪಂಪ ಕೋಣ್ಯಾಗ ಅದ. ನಮ್ಮ ಬೆಲ್ಟ ಗಿಡ್ಡ ಆಗತದ."

"ಸ್ಟೆಪ್ನಿ ಬೆಲ್ಟ ಐತಲ್ರಿ ಸಾಹೇಬ್ರ!" ಎಂದ ದುರ್ಗಪ್ಪ. "ಎರಡೂ ಕೂಡಿಸಿ ಹೊಲದ್ರ ಮುಟ್ಟತೈತಿ."

ಹಣಮಂತಪ್ಪ ಚಕ್ಕಡಿಯ ಮೇಲಿಂದಲೇ ಮೂಗು ಮುರಿದ. "ಹೊಲಾ ಉಳೂ ಗಾಡಿ ನಳಕ್ಕ ನೀರ ತರತೈತಂತ. ಕೇಳಿದ್ರ್ಯಾ ಮಾತ?"

ದೇವರು ಬೀಗರನ್ನು ಹೀಗೇಕೆ ಸೃಷ್ಟಿಸಿದನೆಂದು ತಿಳಿಯದವರು ಆಗ ಮಡಿವಾಳೆಪ್ಪನ ಮುಖ ನೋಡಬೇಕಾಗಿತ್ತು. ಮೀಸೆ ನೆಟ್ಟಗಾಯಿತು. "ಜೋಳಾ ಅಳೆಯೂ ಸಾವಕಾರ್ರ, ಇಳೀಬ್ಯಾಡ್ರಿ, ಅಲ್ಲೇ ಕುಂತು ನೋಡ್ರಿ!" ಎಂದವನೇ ಟ್ರೇಲರು ಕಳಚಿ, ಟ್ರ್ಯಾಕ್ಟರನ್ನು ಹಳ್ಳದ ಕಡೆ ತಿರುಗಿಸಿದ.

ಬೀರಪ್ಪ, ದುರ್ಗಪ್ಪ ಎದುರುಬದುರು ಕೂತು ದಬ್ಬಣದಿಂದ ಚರ್ಮದ ದಾರ ಎಳೆದು ಎರಡು ಬೆಲ್ಟು ಒಂದು ಮಾಡಿದರು. ಟ್ರ್ಯಾಕ್ಟರು ಗುಡುಗಿತು. ಬೆಲ್ಟು ಒಮ್ಮೆ ಜಾರಿ ಹಾವಿನಂತೆ ಹಾರಿತು. ನಿಂತವರೆಲ್ಲ ಹಿಂದೆ ಸರಿದರು. ಎಂಜಿನ್ ನಿಲ್ಲಿಸಿದ ಮೇಲೆ ದುರ್ಗಪ್ಪ ಮುಂದೆ ಹೋಗಿ ಅದನ್ನು ಮತ್ತೆ ಪುಲ್ಲಿಯ ಮೇಲೆ ಕೂಡಿಸಿದ. ಈ ಸಲ ಬೆಲ್ಟು ಹಿಡಿಯಿತು, ಪಂಪು ತಿರುಗಿತು. ಪೈಪಿನೊಳಗೆ ನೀರು ದಿಬ್ಬ ಏರತೊಡಗಿತು, ಯಾರ ತಲೆಯ ಮೇಲೂ ಅಲ್ಲದೆ.

ಟಾಕಿ ತುಂಬಿದ ಮೇಲೆ ಬಿಡಿಓ ಸಾಹೇಬರು ನೀರು ಬಿಡುವ ಚಕ್ರ ತಿರುಗಿಸಿದರು. ಶಟ್ಟೆಪ್ಪನ ಅಂಗಳದ ನಳ ಮೊದಲು ಕೆಮ್ಮಿತು. ಆಮೇಲೆ ಗಾಳಿ ಬಿಟ್ಟಿತು. ಹಣಮಂತಪ್ಪ ಚಕ್ಕಡಿ ಇಳಿದು ಬಂದು, ಬಗ್ಗಿ ಅದರ ಬಾಯೊಳಗೆ ಇಣುಕಿದ. ಅದೇ ಮುಹೂರ್ತಕ್ಕೆ ನೀರು ಧೋ ಎಂದು ಬಂದು ಅವನ ರುಮಾಲು, ಮೀಸೆ, ಕೋಟು ಎಲ್ಲ ತೊಯ್ದುಹೋಯಿತು. ಅವನು ಒಂದು ಬೊಗಸೆ ಕುಡಿದು, "ಶಿರಾ ತಗೊಂಡ ಬರ್ರಿ" ಎಂದ.

ಲಗಮವ್ವ ತುಂಬಿದ ಕೊಡದ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಹೊತ್ತದ್ದಕ್ಕೂ ಅಳದವಳು, ಇಂದು ಹೊರದೆ ಇದ್ದದ್ದಕ್ಕೆ ಅತ್ತಳು.

ಎಣ್ಣೆ ಕೈ ಒರೆಸಿಕೊಳ್ಳುತ್ತ ಮಡಿವಾಳೆಪ್ಪ ತಿರುಗಿ ಬಂದ. ಹಿಂದೆಯೇ ಹುಡುಗರಿಬ್ಬರು. ದುರ್ಗಪ್ಪನ ಕಡೆ ಬೆರಳು ಮಾಡಿ, "ಬೆಲ್ಟ ಕೂಡಿಸಿದ ಈ ಹುಡುಗ ಯಾರ?" ಎಂದು ಕೇಳಿದ.

"ಅಂವಾ ಸ್ಟೆಪ್ನಿ!" ಎಂದು ಊರಿಗೆ ಊರೇ ಒಕ್ಕೊರಲಿನಿಂದ ಹೇಳಿತು.

"ಅಲ್ಲ!"

ಕೂಗಿದವನು ಶಟ್ಟೆಪ್ಪ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. ದುರ್ಗಪ್ಪನ ಹೆಗಲ ಮೇಲೆ ಕೈಯಿಟ್ಟ. "ಅಂವಾ ನನ್ನ ಮಗ. ಇಬ್ಬರೂ ನನ್ನ ಮಕ್ಕಳು. ಇನ್ನ ಮ್ಯಾಲ ಯಾರರ ಆ ಹೆಸರ ಹಿಡದು ಕರದ್ರ ಅವರ ಮನೀ ನಳಾ ಬಂದ ಮಾಡಸ್ತೇನಿ!"

ದುರ್ಗಪ್ಪ ನೆಲ ನೋಡಿದ. ಆಮೇಲೆ ಮೊದಲ ಬಾರಿಗೆ ಹಲ್ಲು ಕಾಣುವಂತೆ ನಕ್ಕ. ಸುಂದರವ್ವ ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು, ಅವಳಿಗೆ ಅಳು ತಡೆಯದಾಗಿತ್ತು.

ಮಡಿವಾಳೆಪ್ಪ ಮೀಸೆ ತಿರುವಿದ. "ನನ್ನ ಸೋಮವ್ವಗ ಈ ಹುಡುಗ ಬೇಕು. ಬೀರಪ್ಪನ್ನ ಮುನವಳ್ಳಿ ಸಾವಕಾರ್ರ ಇಟಗೊಳ್ಳಲಿ. ಅವರು ತೊಯ್ಸಿಕೊಂಡಾರ, ಪಾಪ!"

ಹೀಗೆ ಬಸರಿಗಟ್ಟಿಯಲ್ಲಿ ಎರಡು ಹಂದರ, ಇಬ್ಬರು ಪೂಜಾರಿಗಳು, ಇಬ್ಬರು ಬೀಗರಿದ್ದು, ಕೊನೆಗೂ ಏನೊಂದೂ ಹೆಚ್ಚಾಗಲಿಲ್ಲ. ಮುಂದಿನ ತಿಂಗಳು ಎರಡೂ ಹಂದರದ ಕೆಳಗೆ ಎರಡು ಲಗ್ನವಾದವು. 'ನಮ್ಮೂರ ನಳದ ನೀರು' ಎಂದು ಊರ ಜನ ಬೀಗರ ಕೈಗೆ ತಂಬಿಗೆ ಕೊಡುವಾಗಿನ ಗತ್ತು ನೋಡಬೇಕಾಗಿತ್ತು.

ಆದರೆ ನಳ ಬಂದ ದಿನದ ಸಂಜೆಯ ಮಾತು ಒಂದು ಉಳಿದಿದೆ. ಬೀಗರೆಲ್ಲ ಹೋದ ಮೇಲೆ ಶಟ್ಟೆಪ್ಪ ಕಟ್ಟೆಯ ಮೇಲೆ ಕೂತು, ಅಂಗಳದಲ್ಲೇ ಕೊಡ ತುಂಬಿಸುತ್ತಿದ್ದ ಹೆಂಡತಿಯನ್ನು ನೋಡುತ್ತಿದ್ದ. ಅವನ ಮೈ ಹೆಮ್ಮೆಯಿಂದ ಎರಡು ಉಡದಾರಕ್ಕೂ ಬಿಗಿಯಾಗುವಷ್ಟು ಉಬ್ಬಿತ್ತು.

"ಮುಂಜಾನೆ ಕೇಳಿದ್ದಕ್ಕ ಜವಾಬ ಕೊಡಲಿಲ್ಲ ನೀವು" ಎಂದಳು ಸುಂದರವ್ವ, ಕೊಡದಿಂದ ಕಣ್ಣೆತ್ತದೆ. "ನನಗ ಸ್ಟೆಪ್ನಿ ನೋಡೀರೋ ಇಲ್ಲೋ?"

ಶಟ್ಟೆಪ್ಪ ಗಂಭೀರವಾಗಿ ರುಮಾಲು ತೆಗೆದು ಮಗ್ಗುಲಿಗಿಟ್ಟ.

"ಟ್ರ್ಯಾಕ್ಟರಕ್ಕ ಸ್ಟೆಪ್ನಿ ಇರೂದಿಲ್ಲ" ಎಂದ.

ಸುಂದರವ್ವ ನಳ ನಿಲ್ಲಿಸಿದಳು. ಕೊಡ ಎತ್ತಿಕೊಂಡು ಒಳಗೆ ಹೋದಳು. ಅಂದು ಅವನ ಚಹಾದಲ್ಲಿ ಸಕ್ಕರೆ ಎರಡು ಸಲ ಬಿದ್ದಿತ್ತು.